ಎಕ್ಸ್‌ಟೆಂಡೆಡ್ ವಾರಂಟಿ: ಲ್ಯಾಪ್‌ಟಾಪಿಗೆ ಒಂದು ಉತ್ತರ, ಫೋನಿಗೆ ಇನ್ನೊಂದು

ಪ್ರಶ್ನೆ: ನಾನು ಸಾಗರದಲ್ಲಿ ಶಾಲಾ ಶಿಕ್ಷಕಿ. ಮಗಳು ಈ ವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೇರುತ್ತಿದ್ದಾಳೆ. ಅವಳಿಗೆಂದು ಶಿವಮೊಗ್ಗದ ಒಂದು ಅಂಗಡಿಯಲ್ಲಿ 62,000 ರೂಪಾಯಿಯ ಲ್ಯಾಪ್‌ಟಾಪ್, 24,000ದ ಫೋನ್ ನೋಡಿ ಬಂದಿದ್ದೇವೆ. ಲ್ಯಾಪ್‌ಟಾಪಿಗೆ ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ 6,999, ಫೋನಿಗೆ ಒಂದು ವರ್ಷದ್ದು 2,499 ಅಂತೆ. ಅಂಗಡಿಯ ಹುಡುಗ "ಇದಿಲ್ದೆ ತಗೊಂಡ್ರೆ ರಿಸ್ಕ್ ಮೇಡಂ, ಇಎಂಐನಲ್ಲೇ ಸೇರಿಸಿಬಿಡ್ತೀನಿ, ಗೊತ್ತೇ ಆಗಲ್ಲ" ಎಂದ. ಹಿಂದೆ ನಮ್ಮ ಭಾವನವರು ಟಿವಿಗೆ ಹೀಗೇ ದುಡ್ಡು ಕಟ್ಟಿ, ಸಿಡಿಲಿಗೆ ಟಿವಿ ಸುಟ್ಟಾಗ ಒಂದು ಪೈಸೆಯೂ ಸಿಗಲಿಲ್ಲ. ತಗೊಳ್ಳಲಾ, ಬೇಡವಾ? ತಗೊಂಡು ಆಮೇಲೆ ಕ್ಲೇಮ್ ಕೊಡದಿದ್ದರೆ ಏನು ಮಾಡಬೇಕು?

ಉತ್ತರ:

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅಂಗಡಿಯವರ ಎರಡು ಪ್ಲಾನೂ ಬೇಡ. ಲ್ಯಾಪ್‌ಟಾಪಿಗೆ ಅದನ್ನು ತಯಾರಿಸಿದ ಕಂಪನಿಯದೇ ಪ್ಲಾನ್ ಸಿಗುತ್ತದೆ, ಅದನ್ನು ತಗೊಳ್ಳಿ. ಆಕಸ್ಮಿಕ ಹಾನಿಯೂ ಸೇರಿದ್ದು ಸಿಕ್ಕರೆ ಇನ್ನೂ ಒಳ್ಳೇದು. ಫೋನಿಗೆ ಎಕ್ಸ್‌ಟೆಂಡೆಡ್ ವಾರಂಟಿ ದಂಡ. ಮಗಳ ಕೈಯಿಂದ ಫೋನ್ ಆಗಾಗ ಬೀಳುತ್ತೆ ಅಂತಿದ್ದರೆ ಸ್ಕ್ರೀನ್ ಪ್ಲಾನ್ ಒಂದನ್ನು ಯೋಚಿಸಬಹುದು. ಅಷ್ಟೇ.

ಇದನ್ನು ಹೇಳಲು ನಾನ್ಯಾರು ಅಂತ ಕೇಳಬಹುದು. ಹನ್ನೊಂದು ವರ್ಷ ಒಂದು ಅಧಿಕೃತ ಸರ್ವಿಸ್ ಸೆಂಟರಿನ ಕೌಂಟರ್‌ನಲ್ಲಿ ಕೂತವನು ನಾನು. ಜನ ವಾರಂಟಿ ಕಾರ್ಡ್ ಹಿಡಿದು ಬರುವುದನ್ನೂ, ಅದನ್ನು ಮಡಚಿ ಜೇಬಿಗಿಟ್ಟು ವಾಪಸ್ ಹೋಗುವುದನ್ನೂ ದಿನಾ ನೋಡಿದ್ದೇನೆ. ಈಗ ನನ್ನದೇ ಸಣ್ಣ ರಿಪೇರಿ ಅಂಗಡಿ ಇದೆ. ಯಾವ ಪ್ಲಾನ್ ಮಾರಿದರೂ ನನಗೆ ಕಮಿಷನ್ ಇಲ್ಲ.

ಒಂದು ದಿನದ ಸಂಗತಿ ಹೇಳುತ್ತೇನೆ. ಜುಲೈ ತಿಂಗಳು, ಹೊರಗೆ ಜೋರು ಮಳೆ. ನರ್ಸಿಂಗ್ ಓದುವ ಹುಡುಗನೊಬ್ಬ ಫೋನ್ ತಂದ. ಒಂದೂವರೆ ವರ್ಷದ ಫೋನ್, ಡೆಡ್. ಜೊತೆಗೆ ಅಂಗಡಿಯವರು ಕೊಟ್ಟ ಹೊಳೆಯುವ ಕಾರ್ಡ್. "ಸಾರ್, ಫುಲ್ ವಾರಂಟಿ ಇದೆ, ಎರಡು ಸಾವಿರದ ಮುನ್ನೂರು ಕೊಟ್ಟಿದ್ದೀನಿ" ಎಂದ. ನಾನು ಪಿನ್ ಚುಚ್ಚಿ ಸಿಮ್ ಟ್ರೇ ಎಳೆದೆ. ಆ ಸೀಳಿನೊಳಗೆ ಟಾರ್ಚ್ ಬಿಟ್ಟೆ. ಕೆಲವು ಫೋನುಗಳಲ್ಲಿ ಅಲ್ಲೇ ಒಳಗೆ ಸಾಸಿವೆ ಕಾಳಿನಷ್ಟು ಒಂದು ಬಿಳಿ ಸ್ಟಿಕರ್ ಇರುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಇವನದು ಕುಂಕುಮದ ಬೊಟ್ಟಿನಂತೆ ಕೆಂಪಾಗಿತ್ತು. "ನೀರಿಗೆ ಬಿದ್ದೇ ಇಲ್ಲ ಸಾರ್" ಎಂದ. ಬಿದ್ದಿರಲಿಲ್ಲ, ನಿಜ. ಪ್ಯಾಂಟಿನ ಜೇಬಿನಲ್ಲಿಟ್ಟು ಮಳೆಯಲ್ಲಿ ಬೈಕ್ ಓಡಿಸಿದ್ದ. ಅವನ ಕಾರ್ಡಿನ ಹಿಂದಿನ ಸಣ್ಣಕ್ಷರದಲ್ಲಿ ದ್ರವದಿಂದಾದ ಹಾನಿ ಸೇರಿಲ್ಲ ಎಂದು ಅಚ್ಚಾಗಿತ್ತು. ಜಾಬ್ ಶೀಟಿನಲ್ಲಿ ‘ಲಿಕ್ವಿಡ್ ಡ್ಯಾಮೇಜ್’ ಎಂದು ಬರೆದವನು ನಾನೇ.

ಆ ಹುಡುಗ ಸುಳ್ಳು ಹೇಳಿರಲಿಲ್ಲ. ಅಂಗಡಿಯವನೂ ಪೂರ್ತಿ ಸುಳ್ಳು ಹೇಳಿರಲಿಲ್ಲ. ಇಬ್ಬರೂ ಎಡವಿದ್ದು ವಾರಂಟಿ ಎನ್ನುವ ಮಾತಿನಲ್ಲಿ.

ವಾರಂಟಿ ಅಂದರೆ ವಸ್ತು ತಾನಾಗಿ ಕೆಟ್ಟರೆ ಸರಿಮಾಡಿಕೊಡುತ್ತೇವೆ ಎಂಬ ಮಾತು. ನೀವು ಬೀಳಿಸಿದರೆ, ಕಾಫಿ ಚೆಲ್ಲಿದರೆ, ಮಳೆಯಲ್ಲಿ ನೆನೆಸಿದರೆ ಅದು ‘ತಾನಾಗಿ’ ಆಗುವುದಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ಇದೇ ಮಾತನ್ನು ಇನ್ನೊಂದೆರಡು ವರ್ಷ ಎಳೆದದ್ದು. ಹೊಸದೇನೂ ಅದರಲ್ಲಿ ಸೇರುವುದಿಲ್ಲ. ಮೊದಲ ವರ್ಷ ಯಾವುದು ಸಿಗುತ್ತಿರಲಿಲ್ಲವೋ ಅದು ಎರಡನೇ ವರ್ಷವೂ ಸಿಗುವುದಿಲ್ಲ. ಬಿದ್ದದ್ದಕ್ಕೆ, ನೀರಿಗೆ ಬೇರೆಯದೇ ಪ್ಲಾನ್ ಇದೆ. ಆಕಸ್ಮಿಕ ಮತ್ತು ದ್ರವ ಹಾನಿ ರಕ್ಷಣೆ ಅನ್ನುತ್ತಾರೆ, ಅಂಗಡಿಯಲ್ಲಿ ‘ಎಡಿಎಲ್‌ಡಿ’ ಅಂದರೆ ಗೊತ್ತಾಗುತ್ತದೆ. ಇದು ಕೊಂಡ ದಿನದಿಂದಲೇ ಶುರು. ಎಕ್ಸ್‌ಟೆಂಡೆಡ್ ವಾರಂಟಿ ಶುರುವಾಗುವುದು ಕಂಪನಿಯ ವಾರಂಟಿ ಮುಗಿದ ಮಾರನೇ ದಿನ. ಬರೀ ಸ್ಕ್ರೀನಿಗೆ ಅಂತ ಒಂದು ಪ್ಲಾನ್, ಕಳ್ಳತನಕ್ಕೆ ಅಂತ ಇನ್ನೊಂದು. ಅಂಗಡಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ‘ವಾರಂಟಿ’. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯಲ್ಲ. "ಫೋನ್ ಕೈಯಿಂದ ಜಾರಿ ಬಿದ್ದು ಡಿಸ್‌ಪ್ಲೇ ಒಡೆದರೆ ಇದರಲ್ಲಿ ಬರುತ್ತಾ?" ಅಂತ ಕೇಳಿ. ಹೌದು ಅಂದರೆ "ಹಾಳೆಯಲ್ಲಿ ಎಲ್ಲಿ ಬರೆದಿದೆ ತೋರಿಸಿ" ಅನ್ನಿ. ನಿಮ್ಮ ಮಕ್ಕಳ ಉತ್ತರಪತ್ರಿಕೆ ನೋಡುವಾಗ ನೀವು ಹೇಗೋ ಹಾಗೆ.

ಇನ್ನು ಯಾವ ವಸ್ತು ಯಾವಾಗ ಕೆಡುತ್ತದೆ ಎಂಬ ವಿಷಯ. ಎಲೆಕ್ಟ್ರಾನಿಕ್ ಸಾಮಾನು ಕೆಡುವುದಕ್ಕೆ ಒಂದು ಕ್ರಮ ಇದೆ. ಎಂಜಿನಿಯರುಗಳು ಅದನ್ನು ಸ್ನಾನದ ತೊಟ್ಟಿಯ ಆಕಾರದ ಗೆರೆಯಾಗಿ ಬರೆಯುತ್ತಾರೆ. ನಮಗೆ ಬಾಣಲೆ ಅಂದರೆ ಸುಲಭ. ಎಡಗಡೆಯ ಅಂಚು ಎತ್ತರ: ತಯಾರಿಕೆಯಲ್ಲೇ ಏನಾದರೂ ತಪ್ಪಿದ್ದರೆ ಅದು ಮೊದಲ ಕೆಲವು ವಾರ, ತಿಂಗಳುಗಳಲ್ಲೇ ಹೊರಬೀಳುತ್ತದೆ. ನಡುವೆ ಚಪ್ಪಟೆ: ಅದರ ಪಾಡಿಗೆ ಅದು ನಡೆಯುತ್ತದೆ. ಬಲಗಡೆ ಮತ್ತೆ ಏರು: ಸವೆದು ಕೆಡುವ ಕಾಲ. ಎಡಗಡೆಯ ಏರನ್ನು ಕಂಪನಿಯ ಒಂದು ವರ್ಷದ ವಾರಂಟಿ ನೋಡಿಕೊಳ್ಳುತ್ತದೆ, ಅದು ಪುಕ್ಕಟೆ. ಅಂಗಡಿಯವರು ನಿಮಗೆ ದುಡ್ಡಿಗೆ ಮಾರುವುದು ಬಾಣಲೆಯ ತಳವನ್ನು. ಬಲಗಡೆಯ ಏರು ಶುರುವಾಗುವ ಹೊತ್ತಿಗೆ ಪ್ಲಾನ್ ಮುಗಿದಿರುತ್ತದೆ.

ಹಾಗಾದರೆ ಲ್ಯಾಪ್‌ಟಾಪಿಗೆ ಮಾತ್ರ ಯಾಕೆ ತಗೊಳ್ಳಿ ಅಂತೀರಿ ಅಂದರೆ, ಆ ಬಾಣಲೆ ಮೇಜಿನ ಮೇಲೆ ಅಲುಗಾಡದೆ ಇರುವ ಸಾಮಾನಿಗೆ ಹೆಚ್ಚು ಹೊಂದುತ್ತದೆ. ಹಾಸ್ಟೆಲ್ ಹುಡುಗಿಯ ಲ್ಯಾಪ್‌ಟಾಪ್ ಹಾಗಲ್ಲ. ಬ್ಯಾಗಿನಲ್ಲಿ ಬಸ್ಸು, ಮೆಟ್ರೋ, ರಾತ್ರಿ ಹಾಸಿಗೆಯ ಮೇಲೆ ಇಟ್ಟು ಕೆಲಸ. ಬೆಡ್‌ಶೀಟ್ ಗಾಳಿ ಹೋಗುವ ದಾರಿ ಮುಚ್ಚುತ್ತದೆ, ಬೋರ್ಡ್ ಕಾಯುತ್ತದೆ. ದಿನಕ್ಕೆ ಹತ್ತು ಸಲ ತೆಗೆದು ಮುಚ್ಚಿ ಹಿಂಜ್ ಬಿಗಿಯಾಗುತ್ತದೆ, ಒಂದು ದಿನ ಮೂಲೆಯ ಪ್ಲಾಸ್ಟಿಕ್ ಕಿತ್ತು ಬರುತ್ತದೆ. ನನ್ನ ಮೇಜಿಗೆ ಬರುವ ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳಲ್ಲಿ ಹಿಂಜ್, ಕೀಬೋರ್ಡ್, ಚಾರ್ಜಿಂಗ್ ಪೋರ್ಟ್, ಆಮೇಲೆ ಮದರ್‌ಬೋರ್ಡ್, ಇವೇ ಜಾಸ್ತಿ. ಎರಡನೇ ಮೂರನೇ ವರ್ಷದಲ್ಲೇ ಜಾಸ್ತಿ. ಅದರ ಮೇಲೆ ನಾಲ್ಕು ವರ್ಷ ಅವಳಿಗೆ ಅದೇ ಲ್ಯಾಪ್‌ಟಾಪ್ ಬೇಕು. ಫೋನ್ ಕೆಟ್ಟರೆ ಹಳೆಯದೊಂದನ್ನು ಹಿಡಿದು ವಾರ ತಳ್ಳಬಹುದು. ಪ್ರಾಜೆಕ್ಟ್ ಕೊಡುವ ವಾರ ಲ್ಯಾಪ್‌ಟಾಪ್ ಕೆಟ್ಟರೆ ಕಷ್ಟ.

ಈಗ ಲೆಕ್ಕ. ಅಂಗಡಿಯವರ ಪ್ಲಾನ್ 6,999. ಮೊದಲು ಅದು ಜಿಎಸ್‌ಟಿ ಸೇರಿಸಿಯಾ ಕೇಳಿ. ಈ ಸೇವೆಗೆ 18% ತೆರಿಗೆ, ಸೇರಿಲ್ಲದಿದ್ದರೆ ಎಂಟು ಸಾವಿರ ದಾಟುತ್ತದೆ. ಇರಲಿ, ಸೇರಿದೆ ಅಂತಲೇ ಇಟ್ಟುಕೊಳ್ಳೋಣ. ನಿಮ್ಮ ಬೆಲೆಯ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಬದಲಿಸಲು 22,000 ಬೀಳುತ್ತದೆ ಅಂತ ಹಿಡಿಯೋಣ. 6,999ನ್ನು 22,000ದಿಂದ ಭಾಗಿಸಿ: ಸುಮಾರು 0.32. ಅಂದರೆ ಇಂಥ ಮೂರು ಲ್ಯಾಪ್‌ಟಾಪಿನಲ್ಲಿ ಹೆಚ್ಚುಕಡಿಮೆ ಒಂದರ ಬೋರ್ಡ್ ಆ ಎರಡು ವರ್ಷದೊಳಗೆ ಹೋದರೆ ಮಾತ್ರ ಕೊಟ್ಟ ದುಡ್ಡು ಸರಿಹೋಯಿತು. ಅಷ್ಟು ಹೋಗುವುದಿಲ್ಲ. ಹೋಗುತ್ತಿದ್ದರೆ ಆ ಬೆಲೆಗೆ ಪ್ಲಾನ್ ಮಾರುತ್ತಲೇ ಇರಲಿಲ್ಲ. ಇದೇ ಲೆಕ್ಕ ಕಂಪನಿಯ ಪ್ಲಾನಿಗೂ ಹಾಕಿ. ಅಲ್ಲೂ ಪೂರ್ತಿ ಲಾಭ ಅಂತ ಬರಲಿಕ್ಕಿಲ್ಲ. ಆದರೆ ಬೀಳುವುದೂ ಚೆಲ್ಲುವುದೂ ಅದರಲ್ಲಿ ಸೇರಿದ್ದರೆ ಆಗ ಬೋರ್ಡಿನ ಜೊತೆ ಸ್ಕ್ರೀನ್, ಕೀಬೋರ್ಡ್ ಎಲ್ಲಾ ಲೆಕ್ಕಕ್ಕೆ ಬರುತ್ತದೆ, ತಕ್ಕಡಿ ವಾಲುತ್ತದೆ. ವಸ್ತುವಿನ ಬೆಲೆಯ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕೇಳುವ ಪ್ಲಾನನ್ನು ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ. ಇದು ನನ್ನ ಅಂದಾಜು, ಶಾಸ್ತ್ರವಲ್ಲ.

ಕಂಪನಿಯದ್ದಕ್ಕೂ ಅಂಗಡಿಯದ್ದಕ್ಕೂ ದೊಡ್ಡ ವ್ಯತ್ಯಾಸ ಇರುವುದು ಹಣದಲ್ಲಲ್ಲ, ಫೋನ್ ಎತ್ತುವವರು ಯಾರು ಎನ್ನುವುದರಲ್ಲಿ. ಕಂಪನಿಯ ಪ್ಲಾನ್ ಆದರೆ ಸೀರಿಯಲ್ ನಂಬರಿಗೆ ಸೇರಿಕೊಂಡಿರುತ್ತದೆ. ಡೆಲ್, ಎಚ್‌ಪಿ, ಲೆನೊವೊ, ಯಾರದ್ದೇ ಆಗಲಿ, ಅವರ ವೆಬ್‌ಸೈಟಿನಲ್ಲಿ ಲ್ಯಾಪ್‌ಟಾಪಿನ ತಳದಲ್ಲಿರುವ ನಂಬರ್ ಹಾಕಿದರೆ ವಾರಂಟಿ ಯಾವ ದಿನದವರೆಗೆ ಅಂತ ಬರುತ್ತದೆ. ಕಾರ್ಡ್ ಕಳೆದರೂ ಚಿಂತೆಯಿಲ್ಲ. ಬರುವುದು ಅವರದೇ ಎಂಜಿನಿಯರ್, ಹಾಕುವುದು ಅವರದೇ ಬಿಡಿಭಾಗ. ಅಂಗಡಿ ಪ್ಲಾನಿನಲ್ಲಿ ನಡುವೆ ಮೂರನೆಯವರೊಬ್ಬರು ಇರುತ್ತಾರೆ. ನೀವು ಅವರಿಗೆ ಫೋನ್ ಮಾಡಬೇಕು, ಅವರು ಫೋಟೊ ಕೇಳುತ್ತಾರೆ, ಎಸ್ಟಿಮೇಟ್ ತರಿಸುತ್ತಾರೆ, ಒಪ್ಪಿಗೆಗೆ ಕಳಿಸುತ್ತಾರೆ. ನಾನು ಕೌಂಟರ್‌ನಲ್ಲಿದ್ದಾಗ ಇಂಥ ಒಂದು ಒಪ್ಪಿಗೆಗೆ ಒಬ್ಬ ಗಿರಾಕಿ ಹತ್ತೊಂಬತ್ತು ದಿನ ಕಾದಿದ್ದರು. ಅಷ್ಟೂ ದಿನ ಅವರ ಲ್ಯಾಪ್‌ಟಾಪ್ ನಮ್ಮ ಕಪಾಟಿನಲ್ಲಿ, ಅವರು ನನ್ನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ.

ನಿಮ್ಮ ಊರಿನ ವಿಷಯ ಇಲ್ಲೇ ಬರುತ್ತದೆ. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ. ಪ್ಲಾನಿನಲ್ಲಿ ‘ಕ್ಯಾರಿ ಇನ್’ ಎಂದಿದ್ದರೆ ಹೊತ್ತುಕೊಂಡು ಹೋಗುವ ಕೆಲಸ ನಿಮ್ಮದು. ‘ಆನ್‌ಸೈಟ್’ ಎಂದಿದ್ದರೆ ಅವರೇ ಮನೆಗೋ ಹಾಸ್ಟೆಲಿಗೋ ಬರುತ್ತಾರೆ, ಆದರೆ ನಿಮ್ಮ ಪಿನ್ ಕೋಡ್ ಅವರ ಪಟ್ಟಿಯಲ್ಲಿದ್ದರೆ ಮಾತ್ರ. ಮಗಳು ವರ್ಷದ ಹತ್ತು ತಿಂಗಳು ಬೆಂಗಳೂರಿನಲ್ಲಿರುವುದರಿಂದ ನಿಮಗೆ ಆನ್‌ಸೈಟ್ ಅನುಕೂಲ. ಹಾಸ್ಟೆಲಿನ ಪಿನ್ ಕೋಡ್ ಕೊಟ್ಟು ಮೊದಲೇ ಕೇಳಿ. ಲೇಡೀಸ್ ಹಾಸ್ಟೆಲಿನೊಳಗೆ ಎಂಜಿನಿಯರನ್ನು ಬಿಡುವುದಿಲ್ಲ, ಗೇಟಿನ ಹತ್ತಿರದ ವಿಸಿಟರ್ಸ್ ರೂಮಿನಲ್ಲಿ ಮಾಡಿಸಬೇಕಾಗುತ್ತದೆ. ಅದೂ ಗೊತ್ತಿರಲಿ.

ಕಂಪನಿಯ ಪ್ಲಾನನ್ನು ಅಂಗಡಿಯಲ್ಲಿ ಅದೇ ದಿನ ತಗೊಳ್ಳಲೇಬೇಕು ಅಂತಿಲ್ಲ. ಬರೀ ವಾರಂಟಿ ಮುಂದುವರಿಸುವುದಾದರೆ ಹೆಚ್ಚಿನ ಕಂಪನಿಗಳು ಮೊದಲ ವರ್ಷ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಡುತ್ತವೆ. ಆಕಸ್ಮಿಕ ಹಾನಿಯ ರಕ್ಷಣೆಯನ್ನು ಮಾತ್ರ ಕೊಂಡ ಹೊಸತರಲ್ಲೇ ತಗೊಳ್ಳಬೇಕು. ಯಾಕೆ ಅಂತ ನಿಮಗೇ ಹೊಳೆಯುತ್ತದೆ, ಒಡೆದ ಮೇಲೆ ಬಂದು ತಗೊಳ್ಳುವವರು ಇರುತ್ತಾರಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕಾಲೇಜು ಸೀಸನ್. ಆಗ ಕಂಪನಿಗಳೇ ವಿದ್ಯಾರ್ಥಿಗಳಿಗೆ ಹೆಚ್ಚುವರಿ ವಾರಂಟಿಯನ್ನು ಕಡಿಮೆ ಬೆಲೆಗೆ ಸೇರಿಸುವುದುಂಟು. ಅಂಗಡಿಯ ಹುಡುಗ ಅದನ್ನು ತಾನಾಗಿ ಹೇಳುವುದು ಅಪರೂಪ, ಅವನ ಟಾರ್ಗೆಟ್ ಇರುವುದು ಅಂಗಡಿ ಪ್ಲಾನಿನ ಮೇಲೆ. ಅವನನ್ನು ಬೈಯಬೇಡಿ. ಒಂದು ಲ್ಯಾಪ್‌ಟಾಪ್ ಮಾರಿದರೆ ಸಿಗುವ ಇನ್ಸೆಂಟಿವ್‌ಗಿಂತ ಆ ಕಾರ್ಡ್ ಮಾರಿದರೆ ಅವನಿಗೆ ಜಾಸ್ತಿ ಸಿಗುವ ಅಂಗಡಿಗಳಿವೆ.

ಬ್ಯಾಟರಿ ಬಗ್ಗೆ ಒಂದು ಮಾತು, ಇಲ್ಲಿ ಬಹಳ ಜನ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಮೂರು ವರ್ಷದ ವಾರಂಟಿ ಇದ್ದರೂ ಲ್ಯಾಪ್‌ಟಾಪಿನ ಬ್ಯಾಟರಿಗೆ ಸಾಮಾನ್ಯವಾಗಿ ಒಂದೇ ವರ್ಷ. ಚಪ್ಪಲಿಯ ಅಟ್ಟೆಯ ಹಾಗೆ ಅದು ಸವೆಯುವ ಸಾಮಾನು ಅಂತ ಅವರ ವಾದ. ವಾದ ಸುಳ್ಳೇನಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಕೆಲವು ನೂರು ಸಲ ಪೂರ್ತಿ ಚಾರ್ಜ್ ಆದ ಮೇಲೆ ಸೊರಗುತ್ತದೆ. ಆ್ಯಪಲ್ ಕಂಪನಿಯೇ ತನ್ನ ಹಳೆಯ ಐಫೋನ್‌ಗಳಿಗೆ 500 ಸಲ, ಐಫೋನ್ 15ರಿಂದ ಮುಂದಕ್ಕೆ 1,000 ಸಲ ಆದ ಮೇಲೆ ಮೂಲ ಶಕ್ತಿಯ 80% ಉಳಿಯುವಂತೆ ಮಾಡಿದ್ದೇವೆ ಎನ್ನುತ್ತದೆ. ಅದರ ಆ್ಯಪಲ್‌ಕೇರ್ ಪ್ಲಸ್ ಪ್ಲಾನಿನಲ್ಲಿ ಬ್ಯಾಟರಿ 80%ಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತಾರೆ. ಉಳಿದ ಎಷ್ಟೋ ಪ್ಲಾನುಗಳಲ್ಲಿ ಬ್ಯಾಟರಿಗೆ ಬೇರೆ ದುಡ್ಡು ಕಟ್ಟಬೇಕು. ಮೂರು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬ್ಯಾಟರಿಗೆ ಕೈಯಿಂದ ಖರ್ಚು ಮಾಡಬೇಕಾಗುತ್ತದೆ ಅಂತ ಈಗಲೇ ಅಂದುಕೊಂಡಿರಿ.

ಆ ಹಾಳೆಯಲ್ಲಿ ಇನ್ನೊಂದು ಕಡೆ ಬೆರಳಿಟ್ಟು ನೋಡಬೇಕು. ‘ಸವಕಳಿ’ ಅಥವಾ ‘ಡಿಪ್ರಿಸಿಯೇಷನ್’ ಎಂದು ಒಂದು ಪುಟ್ಟ ಪಟ್ಟಿ ಇರುತ್ತದೆ. ರಿಪೇರಿ ಮಾಡುವುದಕ್ಕಿಂತ ಎಸೆಯುವುದೇ ಮೇಲು ಅನ್ನುವ ಸ್ಥಿತಿ ಬಂದರೆ ಪ್ಲಾನಿನವರು ಹೊಸ ಲ್ಯಾಪ್‌ಟಾಪ್ ಕೊಡುವುದಿಲ್ಲ, ಅವತ್ತಿನ ‘ಬೆಲೆ’ ಕೊಡುತ್ತಾರೆ. ಮೂರನೇ ವರ್ಷಕ್ಕೆ 50% ಸವಕಳಿ ಅಂತ ಬರೆದಿದೆ ಎಂದುಕೊಳ್ಳಿ. ನಿಮ್ಮ 62,000ದಲ್ಲಿ ಸಿಗುವುದು 31,000. ಅದೂ ಕೆಲವರು ನಗದಾಗಿ ಕೊಡದೆ ಅದೇ ಅಂಗಡಿಯ ವೋಚರ್ ಆಗಿ ಕೊಡುತ್ತಾರೆ. ಅಂದರೆ ಮತ್ತೆ ಅವರ ಅಂಗಡಿಗೇ ಹೋಗಿ, ಮೇಲೆ ಮೂವತ್ತು ಸಾವಿರ ಹಾಕಿ, ಮತ್ತೊಂದು ಲ್ಯಾಪ್‌ಟಾಪ್ ತಗೊಂಡು, ಮತ್ತೊಮ್ಮೆ ಅದೇ ಹುಡುಗನ ಹತ್ತಿರ "ರಿಸ್ಕ್ ಮೇಡಂ" ಅನ್ನಿಸಿಕೊಳ್ಳಬೇಕು.

ಇನ್ನೊಂದು ಮಾತಿನ ಆಟ, ‘ಎರಡು ವರ್ಷ’. ಕಂಪನಿಯ ಒಂದು ವರ್ಷ ಸೇರಿ ಎರಡಾ, ಅದಾದ ಮೇಲೆ ಎರಡಾ? ಕೊನೆಯ ದಿನಾಂಕ ಯಾವುದು ಅಂತ ಕೇಳಿ, ದಿನಾಂಕವನ್ನೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಮ್ಮ ಕಡೆಯವರಿಗೆ ಬೇಕಾದ ಇನ್ನೆರಡು ಸಾಲುಗಳೂ ಅಲ್ಲೇ ಇರುತ್ತವೆ. ತುಕ್ಕು ಹಿಡಿದದ್ದು ಸೇರಿಲ್ಲ ಎಂಬುದು ಕರಾವಳಿ, ಮಲೆನಾಡಿನವರಿಗೆ. ಮೂರು ತಿಂಗಳ ಮಳೆಯಲ್ಲಿ ಬೋರ್ಡಿನ ಮೇಲೆ ಹಸಿರು ಪಾಚಿಯಂತೆ ಕಿಲುಬು ಕೂರುತ್ತದೆ, ಅದನ್ನು ತೋರಿಸಿ ‘ಕೊರೋಷನ್’ ಅಂದರೆ ಕ್ಲೇಮ್ ಮುಗಿಯಿತು. ಇನ್ನೊಂದು ಸಾಲು ಸಿಡಿಲು, ಪ್ರವಾಹ, ಕರೆಂಟಿನ ಏರಿಳಿತದ್ದು. ನಿಮ್ಮ ಭಾವನವರ ಟಿವಿ ಹೋದದ್ದು ಬಹುಶಃ ಈ ಸಾಲಿನಲ್ಲೇ. ಅವರ ಹತ್ತಿರ ಇದ್ದದ್ದು ವಾರಂಟಿ, ಸಿಡಿಲಿಗೆ ಬೇಕಾದದ್ದು ವಿಮೆ. ಮನೆಯ ಸಾಮಾನಿನ ವಿಮೆ ಅಂತ ಬೇರೆಯೇ ಪಾಲಿಸಿಗಳಿವೆ. ಮಲೆನಾಡಿನ ಮನೆಗೆ ಅದು ಟಿವಿ ವಾರಂಟಿಗಿಂತ ಹೆಚ್ಚು ಉಪಯೋಗ. ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡುವುದಕ್ಕೆ ಮಾತ್ರ ಏನೂ ಖರ್ಚಿಲ್ಲ.

ಈಗ ಫೋನ್. ಫೋನ್ ತಾನಾಗಿ ಕೆಡುವುದಕ್ಕಿಂತ ಬಿದ್ದು ಒಡೆಯುವುದೇ ಜಾಸ್ತಿ. ನಿಮಗೆ ಹೇಳಿದ 2,499ರ ಪ್ಲಾನಿನಲ್ಲಿ ಬಿದ್ದದ್ದು ಸೇರುವುದಿಲ್ಲ, ಎರಡನೇ ವರ್ಷ ತಾನಾಗಿ ಕೆಟ್ಟರೆ ಮಾತ್ರ. ಅದಕ್ಕೇ ದಂಡ ಅಂದದ್ದು. ಸ್ಕ್ರೀನ್ ಪ್ಲಾನ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಆ ಮಾಡೆಲಿನ ಡಿಸ್‌ಪ್ಲೇ ಬೆಲೆ ನೋಡಿ. ಶಿಯೋಮಿ, ವಿವೋ ಮುಂತಾದವರು ಬಿಡಿಭಾಗದ ಬೆಲೆಯನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಿದ್ದಾರೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಶುರುಮಾಡಿದ ‘ರೈಟ್ ಟು ರಿಪೇರ್’ ಪೋರ್ಟಲಿನಲ್ಲೂ ಕಂಪನಿಗಳ ಸರ್ವಿಸ್, ವಾರಂಟಿ ಮಾಹಿತಿಗೆ ದಾರಿ ಸಿಗುತ್ತದೆ. ಡಿಸ್‌ಪ್ಲೇ ಐದಾರು ಸಾವಿರದೊಳಗೆ ಇದ್ದರೆ ಪ್ಲಾನ್ ಬೇಡವೇ ಬೇಡ. ಮಡಚುವ ಫೋನ್, ಇಲ್ಲವೇ ಲಕ್ಷದ ಹತ್ತಿರದ ಫೋನ್ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಪ್ಲಾನ್ ಇದ್ದರೂ ಪ್ರತಿ ಸಲ ಒಂದಿಷ್ಟು ಕೈಯಿಂದ ಕಟ್ಟಬೇಕಾಗುವುದುಂಟು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ‘ಐಪಿ68’ ಅಂತ, ಅಂದರೆ ನೀರು ಧೂಳು ತಡೆಯುತ್ತದೆ ಅಂತ, ಬರೆದಿದ್ದರೂ ನೀರಿಗೆ ವಾರಂಟಿ ಇಲ್ಲ, ಹಾಗೆಂದು ಕಂಪನಿಗಳೇ ಸಣ್ಣಕ್ಷರದಲ್ಲಿ ಬರೆದಿರುತ್ತವೆ.

ಕಳ್ಳತನದ ಪ್ಲಾನ್ ಬಗ್ಗೆ ನೀವು ಕೇಳಿಲ್ಲ, ಆದರೆ ಬೆಂಗಳೂರಿಗೆ ಹೋದ ಮೇಲೆ ಯಾರಾದರೂ ಮಾರಲು ಬರುತ್ತಾರೆ. ಬಸ್ಸಿನಲ್ಲಿ ಮರೆತು ಬಿಟ್ಟ ಫೋನ್ ‘ಕಳ್ಳತನ’ ಅಲ್ಲ, ‘ಕಳೆದದ್ದು’. ಕ್ಲೇಮಿಗೆ ಎಫ್‌ಐಆರ್ ಕೇಳುತ್ತಾರೆ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಆ್ಯಪ್‌ನಲ್ಲಿ ಕ್ಷಣದಲ್ಲಿ ಸಿಗುವ ಪತ್ರ ಬರೀ ಕಳೆದುಹೋದ ವಸ್ತುವಿನ ಸ್ವೀಕೃತಿ, ಅದು ಎಫ್‌ಐಆರ್ ಅಲ್ಲ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ನಂಬರ್) ಬ್ಲಾಕ್ ಮಾಡಿಸಲು ಪೊಲೀಸ್ ದೂರಿನ ಪ್ರತಿ ಬೇಕಾಗುತ್ತದೆ, ಅಷ್ಟಕ್ಕೆ ಈ ಪತ್ರ ಸಾಕು.

ಇನ್ನು "ಇಎಂಐನಲ್ಲೇ ಸೇರಿಸಿಬಿಡ್ತೀನಿ" ಅಂದನಲ್ಲ, ಅಲ್ಲಿ ಹುಷಾರು. ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಸಾಲದ ಮೊತ್ತವೂ ವಸ್ತುವಿನ ಬೆಲೆಯೂ ತಾಳೆಯಾಗುತ್ತಾ ನೋಡಿ. 86,000ಕ್ಕೆ ಬದಲು 95,498 ಅಂತಿದ್ದರೆ ಎರಡೂ ಪ್ಲಾನ್ ಒಳಗೆ ಕೂತಿವೆ ಅಂತ ಅರ್ಥ. ಪ್ಲಾನ್ ತಗೊಂಡರೆ ಮಾತ್ರ ಈ ಆಫರ್ ಬೆಲೆ ಅಂದರೆ, ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕು ಅಂತ ಕಟ್ಟುಮಾಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ, ಅಂತ ಸಮಾಧಾನವಾಗಿ ಹೇಳಿ. ಆನ್‌ಲೈನಿನಲ್ಲಿ ಕೊಳ್ಳುವಾಗ ನೀವು ಒತ್ತದೆಯೇ ಕಾರ್ಟಿಗೆ ಪ್ಲಾನ್ ಸೇರಿಕೊಂಡಿದ್ದರೆ ಅದೂ ತಪ್ಪು. 2023ರ ನವೆಂಬರಿನಲ್ಲಿ ಬಂದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಕುತಂತ್ರಗಳಲ್ಲಿ ಬುಟ್ಟಿಗೆ ಗುಟ್ಟಾಗಿ ಸಾಮಾನು ತುಂಬುವುದೂ ಒಂದು.

ಕ್ಲೇಮ್ ಕೊಡದಿದ್ದರೆ? ಮೊದಲು ಯಾಕೆ ಕೊಡುವುದಿಲ್ಲ ಅಂತ ಬರೆದು ಕೊಡಿ ಅನ್ನಿ. ಬಾಯಿಮಾತಿನ "ಆಗಲ್ಲ ಮೇಡಂ" ಎಲ್ಲೂ ನಿಲ್ಲುವುದಿಲ್ಲ. ಇಮೇಲ್ ಆದರೂ ಸರಿ. ಜಾಬ್ ಶೀಟಿನಲ್ಲಿ ಅವರು ಬರೆದದ್ದನ್ನು ಸಹಿ ಹಾಕುವ ಮೊದಲು ಓದಿ. ಇಲ್ಲದ ಗೀರನ್ನು ‘ಡೆಂಟ್’ ಎಂದು ಬರೆದಿದ್ದರೆ ಅಲ್ಲೇ ಹೊಡೆದು ಹಾಕಿಸಿ, ನೀವೂ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಆಮೇಲೆ 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ, ಆದರೆ ಸಹಾಯವಾಣಿಯ ದೂರಿನ ನಂಬರ್ ಬಂದ ಮೇಲೆ ಕಂಪನಿಯವರ ದನಿ ಮೆತ್ತಗಾಗುವುದನ್ನು ಕೌಂಟರಿನ ಈಚೆ ಕೂತು ನಾನೇ ನೋಡಿದ್ದೇನೆ.

ಅದರಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹಿಂದೆ ಮಾರಿದವನ ಊರಿಗೆ ಹೋಗಬೇಕಿತ್ತು, ಹೊಸ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಗರದವರಿಗೆ ಶಿವಮೊಗ್ಗದ ಆಯೋಗ. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. 2025ರ ಜನವರಿಯಿಂದ ‘ಇ-ಜಾಗೃತಿ’ ಪೋರ್ಟಲ್ ಬಂದಿದೆ, ಮನೆಯಲ್ಲೇ ಕೂತು ಸಲ್ಲಿಸಬಹುದು. ಒಂದು ಸೂಕ್ಷ್ಮ: ನಿಮ್ಮ ಪ್ಲಾನಿನ ಸರ್ಟಿಫಿಕೇಟಿನಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಇದ್ದರೆ ಅದು ವಿಮೆ. ಆಗ ಇನ್ನೊಂದು ಬಾಗಿಲೂ ಇದೆ, ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳುವ ಅಧಿಕಾರಿ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಮೊದಲು ವಿಮಾ ಕಂಪನಿಗೆ ಬರೆದು, ಒಂದು ತಿಂಗಳು ಕಾದು, ಆಮೇಲೆ ಅಲ್ಲಿಗೆ. ಖರ್ಚಿಲ್ಲ. ಅಂಗಡಿಯವರ ಬರೀ ‘ಪ್ಲಾನ್’ ಆದರೆ ಅದು ವಿಮೆಯಲ್ಲ, ಗ್ರಾಹಕ ಆಯೋಗವೇ ಗತಿ.

ದುಡ್ಡು ಕೊಟ್ಟು ರಿಪೇರಿ ಮಾಡಿಸುವ ಮೊದಲು ಇನ್ನೊಂದು ನೋಡಿ. ಇಡೀ ಮಾಡೆಲಿನಲ್ಲೇ ದೋಷ ಇದ್ದರೆ ಕಂಪನಿಗಳು ಕೆಲವೊಮ್ಮೆ ವಾರಂಟಿ ಮುಗಿದಿದ್ದರೂ ಪುಕ್ಕಟೆ ಸರಿಮಾಡುತ್ತವೆ. ಆ್ಯಪಲ್ 2018ರಲ್ಲಿ ಕೆಲವು ಮ್ಯಾಕ್‌ಬುಕ್‌ಗಳ ಕೀಬೋರ್ಡಿಗೆ, ಕೊಂಡು ನಾಲ್ಕು ವರ್ಷದವರೆಗೆ, ಹೀಗೆ ಮಾಡಿತು. ಫೋನಿನ ಪರದೆಯ ಮೇಲೆ ಉದ್ದಕ್ಕೆ ಹಸಿರು ಗೆರೆ ಬರುವ ತೊಂದರೆಗೆ ಒನ್‌ಪ್ಲಸ್ 2024ರಲ್ಲಿ ಭಾರತದ ಗಿರಾಕಿಗಳಿಗೆ ಡಿಸ್‌ಪ್ಲೇಯನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಸರ್ವಿಸ್ ಸೆಂಟರಿನವರು ಕೇಳದೆ ಇದನ್ನೆಲ್ಲ ಹೇಳುವುದಿಲ್ಲ. ವಾರಂಟಿ ಇರುವಾಗ ಮಾತ್ರ ಹೊರಗಿನ ಯಾವ ಅಂಗಡಿಗೂ ಬಿಚ್ಚಲು ಕೊಡಬೇಡಿ. ನನ್ನ ಅಂಗಡಿಗೂ.

ಟೀಚರ್, ಕೊನೆಗೆ ಕೊಳ್ಳುವ ದಿನದ ಕೆಲಸ. ಬಿಲ್ಲಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ಫೋನಿನ ಐಎಂಇಐ ಬರೆಸಿ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ಬರುತ್ತದೆ, ಬಿಲ್ಲಿನ ಜೊತೆ ಅಲ್ಲೇ ತಾಳೆ ನೋಡಿ. ಒಂದಂಕಿ ತಪ್ಪಿದ್ದಕ್ಕೆ ವಾಪಸ್ ಹೋದವರನ್ನು ಕಂಡಿದ್ದೇನೆ. ಮುಂದೆ ಎಂದಾದರೂ ವಾರಂಟಿಯಲ್ಲಿ ಫೋನಿನ ಬೋರ್ಡ್ ಬದಲಿಸಿದರೆ ಐಎಂಇಐ ಕೂಡ ಬದಲಾಗುತ್ತದೆ, ಆ ಸರ್ವಿಸ್ ರಿಪೋರ್ಟನ್ನು ಬಿಲ್ಲಿನ ಜೊತೆ ಪಿನ್ ಮಾಡಿಡಿ. ಬಿಲ್ಲಿನ ಕಾಗದದ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತದೆ, ಅವತ್ತೇ ಫೋಟೊ ತೆಗೆದು ನಿಮಗೂ ಮಗಳಿಗೂ ವಾಟ್ಸಾಪ್ ಮಾಡಿಕೊಳ್ಳಿ. ಫೋನಿಗೊಂದು ದಪ್ಪ ಕವರ್, ಒಂದು ಟೆಂಪರ್ಡ್ ಗ್ಲಾಸ್ ಹಾಕಿಸಿ. ಅಂಗಡಿಯಲ್ಲಿ ಅದನ್ನು ಫ್ರೀ ಕೊಡ್ತೀರಾ ಅಂತ ಕೇಳಿ. ಪ್ಲಾನ್ ಬೇಡ ಅಂದವರಿಗೆ ಸಾಮಾನ್ಯವಾಗಿ ಕೊಡಲ್ಲ. ಆದ್ರೂ ಕೇಳಿ.